ಅಜ್ಜಿಯ ಕೈ ಸುಮ್ಮನಿರುವುದಿಲ್ಲ

ಬೆಳಿಗ್ಗೆ ಸಿಂಧನೂರು, ಮಧ್ಯಾಹ್ನ ಮಸ್ಕಿ, ಸಂಜೆ ಲಿಂಗಸುಗೂರು. ಒಂದು ಕಣ್ಣು ಮಕ್ಕಳ ಮೇಲೆ, ಇನ್ನೊಂದು ಗಡಿಯಾರದ ಮೇಲೆ ಇಟ್ಟುಕೊಂಡು ಓಡಾಡುವ ನನಗೆ ನಗಲು ಪುರುಸೊತ್ತಿಲ್ಲ. ಆದರೂ ವಾರಕ್ಕೊಂದು ನಗು ತಾನಾಗಿ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ. ಕೈಕಾಲು ಗಟ್ಟಿಯಿದ್ದೂ ಎಡವುವ, ಚೆಲ್ಲುವ, ಹಿಡಿದದ್ದನ್ನು ಬೀಳಿಸುವ ಮಕ್ಕಳನ್ನು ಗುಂಪಾಗಿ ಆಡಿಸಿ ಪಳಗಿಸುವುದು ನನ್ನ ಕೆಲಸ. ಆಕ್ಯುಪೇಷನಲ್ ಥೆರಪಿ ಎಂದರೆ ಇಲ್ಲಿ ಯಾರಿಗೂ ನಾಲಿಗೆ ತಿರುಗುವುದಿಲ್ಲ. ಹಾಗಾಗಿ ನಾನು 'ಆಟದ ಮೇಡಂ'.

೧. ಮಣಿ ಸರ

ಮಸ್ಕಿಯ ಗುಂಪಿಗೆ ಹತ್ತು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಬರುತ್ತಿದ್ದಳು. ಜೂನ್‌ನಲ್ಲಿ ವಸತಿ ಶಾಲೆಗೆ ಸೇರಲೇಬೇಕೆಂದು ಅವಳ ಹಟ. ಅಲ್ಲಿ ಅಂಗಿಯ ಗುಂಡಿ ಹಾಕಿಕೊಡುವವರು ಯಾರೂ ಇಲ್ಲ, ತಾನೇ ಹಾಕಿಕೊಳ್ಳಲು ಅವಳಿಗೆ ಬಾರದು. ಬೆರಳು ಪಳಗಲಿ ಎಂದು ಮನೆಗೆ ಮಣಿ, ದಾರ ಕೊಟ್ಟೆ. ಮುಂದಿನ ವಾರ ಅಚ್ಚುಕಟ್ಟಾದ ಸರ ಬಂತು. ಹಿಗ್ಗಿ ಹೋದೆ.

"ಎಷ್ಟು ದಿನ ಹಿಡಿಯಿತು?" ಎಂದೆ. ಹುಡುಗಿ ಅಜ್ಜಿಯ ಮುಖ ನೋಡಿದಳು.

"ಒಂದಾ ಮಧ್ಯಾಹ್ನ ರೀ," ಎಂದರು ಅಜ್ಜಿ. "ಕೂಸಿಗ್ಯಾಕ ತ್ರಾಸ ಅಂತ ನಾನಾ ಪೋಣಿಸೀನಿ. ಇನ್ನಾ ಮಣಿ ಇದ್ರ ಕೊಡ್ರಿ."

ಆ ವಾರದ ದಾಖಲೆಯಲ್ಲಿ 'ಬೆರಳಿನ ಹಿಡಿತ ಬಹಳ ಸುಧಾರಿಸಿದೆ' ಎಂದು ಬರೆದೆ. ಯಾರದ್ದೆಂದು ಬರೆಯಲಿಲ್ಲ.

೨. ಹಗ್ಗದ ಮೇಲೆ ಅಪ್ಪ

ಸಿಂಧನೂರಿನಲ್ಲಿ ನೆಲಕ್ಕೆ ಹಗ್ಗ ಹಾಸಿ, ತುಂಬಿದ ಲೋಟ ಹಿಡಿದು ಅದರ ಮೇಲೆ ನಡೆಯುವ ಆಟ. ಮಗನನ್ನು ಕರೆದೊಯ್ಯಲು ಬಂದ ರೈತರೊಬ್ಬರಿಗೆ ತಾಳ್ಮೆ ಹೋಯಿತು.

"ಹುಟ್ಟಿದಾಗಿಂದ ಗದ್ದಿ ಬದುವಿನ ಮ್ಯಾಲೆ ನಡದೀವಿ. ಇದೇನ್ ದೊಡ್ಡ ಕೆಲಸ ರೀ?"

"ತೋರಿಸಿ," ಎಂದೆ. ಲೋಟ ಹಿಡಿದು ಠೀವಿಯಿಂದ ನಾಲ್ಕು ಹೆಜ್ಜೆ ಇಟ್ಟರು. ಕಿಸೆಯಲ್ಲಿ ಫೋನ್ ರಿಂಗಾಯಿತು. ನೀರೆಲ್ಲ ಬಿಳಿ ಅಂಗಿಯ ಪಾಲಾಯಿತು.

ಮನೆಯಲ್ಲಿ ಚೆಲ್ಲಿದ್ದಕ್ಕೆ ದಿನಾ ಬೈಸಿಕೊಳ್ಳುವ ಮಗ ಒರೆಸುವ ಬಟ್ಟೆ ತಂದುಕೊಟ್ಟ. "ಅಂಜಬ್ಯಾಡ ಅಪ್ಪಾ. ಮೊದಲನೇ ವಾರ ಎಲ್ಲಾರೂ ಚೆಲ್ಲತಾರ."

೩. ಐದು ಗುಂಡಿ

ವಸತಿ ಶಾಲೆಗೆ ಇನ್ನು ಒಂದೇ ವಾರ. ಮಸ್ಕಿಯ ಹುಡುಗಿಗೆ ಕೊನೆಯ ಪರೀಕ್ಷೆ: ಐದು ಗುಂಡಿ, ಒಬ್ಬಳೇ. ಅಜ್ಜಿಯನ್ನು ಹೊರಗೆ ಕಳಿಸಿದೆ. ಅವರು ಕಿಟಕಿಗೆ ಹೋಗಿ ನಿಂತರು.

ಮೂರನೆಯದು ಎರಡು ಸಲ ಜಾರಿ, ಕೊನೆಗೆ ಹೊಕ್ಕಿತು. ಅತ್ತ ಲಿಂಗಸುಗೂರು ಬಸ್ಸಿನ ಹಾರ್ನ್. ವಾರವಾರ ಹೋಗಿ ಬಂದು ಗುರುತಾದ ಕಂಡಕ್ಟರ್ ನನ್ನನ್ನು ಕರೆಯಲು ಕಿಟಕಿಗೇ ಬಂದ. ಬಿಸಿಲಿಗೆ ಅವನ ಖಾಕಿ ಅಂಗಿ ಎದೆಯವರೆಗೆ ತೆರೆದಿತ್ತು.

"ಬಸ್ ಬಿಡಾಕತ್ತೀವಿ ಮೇಡಂ."

"ಇನ್ನೆರಡು ಗುಂಡಿ, ತಡೀರಿ."

ನಾನೇ ಮುಂದೆ ಹೋಗಿ ಹಾಕಿಬಿಡುತ್ತೇನೇನೋ ಎಂದು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ. ನಾಲ್ಕನೆಯದು ಕೂತಿತು. ಐದನೆಯದು ಹೊಕ್ಕಿತು, ಹೊರಬಂತು, ಮತ್ತೆ ಹೊಕ್ಕು ನಿಂತಿತು. ಕಣ್ಣು ತುಂಬಿ ಕಿಟಕಿಯತ್ತ ತಿರುಗಿದೆ.

ಅಜ್ಜಿಯ ಕಣ್ಣು ಮೊಮ್ಮಗಳ ಮೇಲೇ ಇತ್ತು. ಕೈಗಳು ಮಾತ್ರ ತಮ್ಮ ಪಾಡಿಗೆ ಕಂಡಕ್ಟರನ ಗುಂಡಿಗಳನ್ನೆಲ್ಲ ಹಾಕಿ, ಕುತ್ತಿಗೆಯದನ್ನು ಬಿಗಿಯುತ್ತಿದ್ದವು. ಅವನು ಟಿಕೆಟ್ ಮಷೀನ್ ಹಿಡಿದು, ಗದ್ದ ಮೇಲೆತ್ತಿ, ಸುಮ್ಮನೆ ನಿಂತಿದ್ದ.

ಹುಡುಗಿ ನೋಡಿ ಹೇಳಿದಳು: "ಬಿಡು ಅಜ್ಜಿ. ಅವ್ರೂ ತಾವಾ ಹಾಕ್ಕೊಳ್ಳಾಕ ಕಲೀಲಿ."