ಹೆಣ ಕಾಣದ ಕ್ಯಾಮೆರಾ

ಕ್ಯಾತನಹಳ್ಳಿಯ ನಂಜಪ್ಪನವರು ಮಗಳು ಪವಿತ್ರಳ ಮದುವೆಗೆ ಗೊತ್ತು ಮಾಡಿದ್ದ ಫೋಟೋಗ್ರಾಫರ್ ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಲಗ್ನದ ಕಾಲ ಬೇರೆ. ಪಾಂಡವಪುರದಿಂದ ನಾಗಮಂಗಲದವರೆಗೆ ಜಾಲಾಡಿದರೂ ಬಿಡುವಾಗಿ ಸಿಕ್ಕವನು ಒಬ್ಬನೇ, ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದ ಪುಟ್ಟರಾಜು. ಅವನು ಯಾಕೆ ಬಿಡುವಾಗಿದ್ದ ಎಂಬುದು ಸುತ್ತ ನಾಲ್ಕು ತಾಲ್ಲೂಕಿಗೂ ಗೊತ್ತಿತ್ತು. ಆದ್ದರಿಂದ ನಂಜಪ್ಪನವರು ಒಂದು ಷರತ್ತು ಹಾಕಿದರು.

“ಎಣ ನೋಡ್ದೇ ಇರೋ ಕ್ಯಾಮ್ರಾ ತಂದ್ರೆ ಕೆಲ್ಸ ನಿಂದು. ಭಾನ್ವಾರ ಲಗ್ನಪತ್ರಿಕೆ ಕೊಡಕ್ಕೆ ನಿಮ್ಮೂರಿಗೆ ಬತ್ತೀನಿ, ಅಲ್ಲೇ ತೋರ್ಸು. ಎಣ ನೋಡಿರೋ ಕ್ಯಾಮ್ರಾ ಅಂತ ಗೊತ್ತಾಯ್ತೋ, ನಮ್ಮ ಚಪ್ಪರದ ಕಡೀಕೆ ತಲೆ ಆಕಿ ಮಲಗ್ಬ್ಯಾಡ.”

ನಮ್ಮ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಮೈ ತೊಳೆದು, ಗಲ್ಲ ಜೋತು ಬೀಳದಂತೆ ಬಟ್ಟೆ ಕಟ್ಟಿ, ಕುರ್ಚಿಯಲ್ಲಿ ಗೋಡೆಗೊರಗಿಸಿ ಕೂರಿಸುತ್ತಾರೆ. ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಒಂದು ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಯಾವನೂ ತೆಗೆಸಿರುವುದಿಲ್ಲ, ಅದು ಬೇರೆ ಮಾತು. ಪುಟ್ಟರಾಜು ಅಂಗಡಿ ತೆರೆದ ದಿನ ಬಂದ ಮೊದಲ ಗಿರಾಕಿ ಸತ್ತವರ ಮನೆಯವನು. ಎರಡನೆಯವನೂ ಅಷ್ಟೇ. ಮೂರನೆಯವನು ಬರುವ ಹೊತ್ತಿಗೆ ಊರು ಅವನಿಗೆ ಹೆಣದ ಪುಟ್ಟರಾಜು ಎಂದು ನಾಮಕರಣ ಮಾಡಿ ಮುಗಿಸಿತ್ತು.

ಆಮೇಲೆ ಬದುಕಿರುವವರು ಅವನ ಅಂಗಡಿಯ ಮುಂದೆ ನಿಧಾನವಾಗಿ ನಡೆಯುವುದನ್ನೂ ಬಿಟ್ಟರು. ಹೆಣ್ಣು ಕೇಳಲು ಹೋದ ಕಡೆ ಕಾಫಿ ತನಕ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. “ಹುಡ್ಗ ಏನ್ ಮಾಡ್ಕಂಡವ್ನೆ?” ಎಂಬ ಪ್ರಶ್ನೆಗೆ ಉತ್ತರ ಬಂದ ಮೇಲೆ ಅವನು ಕುಡಿದ ಲೋಟವನ್ನು ಮುಟ್ಟುವವರಿರಲಿಲ್ಲ. ವಯಸ್ಸು ಮೂವತ್ತಮೂರಾಗಿತ್ತು. ನಗುವ ಮುಖ ಒಂದನ್ನೂ ತೆಗೆಯದ ಫೋಟೋಗ್ರಾಫರ್ ಲೋಕದಲ್ಲಿ ತಾನೊಬ್ಬನೇ ಇರಬೇಕೆಂದು ಅವನು ಎಷ್ಟೋ ಸಲ ಮರುಗಿದ್ದ. ನಂಜಪ್ಪನವರ ಮನೆಯ ಒಂದು ಮದುವೆ ಸಿಕ್ಕಿದರೆ ಆ ಹೆಸರು ಕಳಚುತ್ತಿತ್ತು. ಸಿಗದಿದ್ದರೆ ಚಟ್ಟ ಏರುವವರೆಗೂ ಅದೇ ಹೆಸರು.

ಭಾನುವಾರ ಮೊದಲ ಬಸ್ಸಿಗೇ ಶ್ರೀರಂಗಪಟ್ಟಣಕ್ಕೆ ಹೋದ. ಬಸ್ ಸ್ಟ್ಯಾಂಡಿನ ಹತ್ತಿರದ ಕ್ಯಾಮೆರಾ ಅಂಗಡಿಯ ಸಾಹೇಬರು ಡಬ್ಬ ಒಡೆಯದ ಎರಡು ಕ್ಯಾಮೆರಾಗಳನ್ನು ಮುಂದಿಟ್ಟರು. ಎರಡಕ್ಕೂ ಒಂದೇ ಬೆಲೆ.

“ದೇಖೋ ಪುಟ್ಟರಾಜು, ಇದು ಜೂಮ್. ಲೆನ್ಸ್ ಬಿಚ್ಚೋ ಹಂಗಿಲ್ಲ, ಎಲ್ಲ ಒಂದೇ ಪೀಸು. ಇಲ್ಲಿಂದ ಒತ್ತಿದ್ರೆ ಗುಂಬಜ್ ಮೇಲೆ ಕೂತಿರೋ ಪಾರಿವಾಳದ ಕಣ್ಣು ಕಾಣ್ತದೆ. ಇದು ಲೆನ್ಸ್ ಬದಲಾಯಿಸೋ ಮಾಲು. ಈಗ ಇರೋದು ಚಿಕ್ಕ ಲೆನ್ಸು, ದೂರದ್ದು ಆಗಲ್ಲ. ಆದ್ರೆ ಹತ್ರ ನಿಂತೋರ ಮುಖ ಬೆಣ್ಣೆ ಥರ ಬರ್ತದೆ. ಮುಂದೆ ಬೇಕಾದ್ರೆ ದೊಡ್ಡ ಲೆನ್ಸ್ ಹಾಕ್ಕೋಬಹುದು.”

“ಯಾವ್ದು ತಗಳ್ಳಿ ಸಾಬ್ರೆ?”

“ಅದು ನಾನು ಹೇಳಿದ್ರೆ ಆಮೇಲೆ ನನ್ನ ಬಯ್ತೀರಿ. ಎರಡೂ ಇವತ್ತು ಇಟ್ಕೊಳ್ಳಿ. ಬದುಕಿರೋರ ಮುಖ ನೋಡಿ, ಒಂದೆರಡು ತೆಗೀರಿ. ಬೇಡ ಅನ್ಸಿದ್ದು ನಾಳೆ ವಾಪಸ್.”

ಹಳೆಯ ಕ್ಯಾಮೆರಾವನ್ನು ಅಲ್ಲೇ ಒತ್ತೆಯಿಟ್ಟು, ಹೊಸ ಎರಡನ್ನೂ ಹೆಗಲಿಗೆ ಒಂದೊಂದು ನೇತುಹಾಕಿಕೊಂಡು ಪುಟ್ಟರಾಜು ಊರಿಗೆ ಬಂದಿಳಿದ. ಇಳಿದ ಮೇಲೆ ಹೊಳೆಯಿತು: ಬದುಕಿರುವವರ ಮುಖ ಅವನಿಗೆ ಯಾರು ಕೊಡುತ್ತಾರೆ?

ಟೀ ಅಂಗಡಿ ಮಂಚಯ್ಯ ಸಲಹೆಗೇನೂ ಬರ ಮಾಡಲಿಲ್ಲ. “ಬಿಚ್ಚೋ ಲೆನ್ಸು ಬ್ಯಾಡ ಕಣ್ಲಾ. ನನ್ ಪಂಪ್‌ಸೆಟ್ಟು ಒಂದ್ಕಿತ ಬಿಚ್ದೋರು ಇವತ್ಗಂಟ ಸರ್ಯಾಗಿ ಕೂರ್ಸಿಲ್ಲ. ಮೂತಿ ಉದ್ದ ಇರೋದೇ ತಕ್ಕೋ.” ಬೆಂಚಿನ ಮೇಲಿದ್ದವರೆಲ್ಲ ತಲೆಗೊಂದು ಮಾತು ಸೇರಿಸಿದರು. ಜೀವಮಾನದಲ್ಲಿ ಕ್ಯಾಮೆರಾ ಮುಟ್ಟದವರಿಗೂ ಲೆನ್ಸಿನ ಬಗ್ಗೆ ಖಚಿತ ಅಭಿಪ್ರಾಯವಿತ್ತು.

“ಅಂಗಾದ್ರೆ ನಿಮ್ದೇ ಒಂದು ತೆಗೀತೀನಿ, ಇಂಗ್ ನೋಡಣ್ಣ” ಎಂದು ಪುಟ್ಟರಾಜು ಕ್ಯಾಮೆರಾ ಎತ್ತಿದ. ಬೆಂಚು ಖಾಲಿಯಾಯಿತು. ಅರ್ಧ ಕುಡಿದ ಟೀ ಲೋಟಗಳು ಮಾತ್ರ ಉಳಿದವು. ಮಂಚಯ್ಯ ಒಲೆಯ ಹಿಂದೆ ಕೂತು ಅಲ್ಲಿಂದಲೇ ಕೂಗಿದ. “ನನ್ ಮೊಮ್ಮಗಳ ನಾಮಕರಣ ಆಗ್ಲಿ, ಆಮ್ಯಾಕೆ ತೆಗೀವಂತೆ ಬುಡ್ಲಾ!”

ಮನುಷ್ಯರು ಬೇಡ, ಎಮ್ಮೆಯಾದರೂ ಆದೀತು ಎಂದು ಬೈರಮ್ಮನ ಕೊಟ್ಟಿಗೆಯ ಕಡೆ ತಿರುಗಿದ. ಬೈರಮ್ಮ ಸೆರಗಿನಿಂದ ಎಮ್ಮೆಯ ಮುಖ ಮುಚ್ಚಿದಳು. “ಗಬ್ಬ ಆಗ್ಯದೆ ಕಣ್ ಮಗ, ನಿನ್ ದಮ್ಮಯ್ಯ, ಅತ್ಲಾಗೆ ಓಗು.”

ಪುಟ್ಟರಾಜುವಿಗೆ ಅಳು ಬಂತು. ಹುಲ್ಲಿನ ಮೆದೆಯ ಹಿಂದೆ ಹೋಗಿ ನಿಂತು ಕಣ್ಣೊರೆಸಿಕೊಂಡ. ಅಲ್ಲಿಂದ ನೋಡಿದರೆ ಬೀದಿಯ ಆ ತುದಿಯಲ್ಲಿ ದ್ಯಾವಯ್ಯ ಮನೆಯ ಮುಂದೆ ಕುರ್ಚಿಯಲ್ಲಿ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದ. ಎಪ್ಪತ್ತು ದಾಟಿದ ಮುದುಕ, ಕಿವಿ ಮಂದ. ದೂರದಿಂದ ತೆಗೆದರೆ ಅವನಿಗೆ ಗೊತ್ತೂ ಆಗುವುದಿಲ್ಲ ಎಂದು ಜೂಮ್ ಒತ್ತಿದ. ಮೂತಿ ಗುಂಯ್ ಎನ್ನುತ್ತ ಮುಂದೆ ಹೋಯಿತು. ದ್ಯಾವಯ್ಯನ ಬಿಳಿಮೀಸೆಯ ಒಂದೊಂದು ಕೂದಲೂ ಕಂಡಿತು. ಎರಡು ಫೋಟೋ ತೆಗೆದ.

ಆದರೆ ಅವತ್ತು ದ್ಯಾವಯ್ಯನಿಗೆ ಹಲ್ಲುನೋವು. ಗಲ್ಲದಿಂದ ನೆತ್ತಿಯವರೆಗೆ ಟವಲು ಬಿಗಿದು, ಮಾತ್ರೆ ನುಂಗಿ ಮಲಗಿದ್ದ. ಹುಲ್ಲು ಹಿರಿಯಲು ಬಂದ ಬೈರಮ್ಮ ಪುಟ್ಟರಾಜುವಿನ ಬೆನ್ನ ಹಿಂದೆ ನಿಂತು ಕ್ಯಾಮೆರಾದ ಮೂತಿ ತೋರಿಸುತ್ತಿದ್ದ ಕಡೆ ನೋಡಿದಳು. ಕುರ್ಚಿ, ಗೋಡೆ, ಗಲ್ಲಕ್ಕೆ ಕಟ್ಟಿದ ಬಟ್ಟೆ.

“ಅಯ್ಯಯ್ಯೋ, ದ್ಯಾವಣ್ಣ ಓಗ್ಬುಟ್ನಲ್ಲಪ್ಪೋ!”

“ಬದುಕವ್ನೆ ಕಣಕ್ಕ! ಮಲ್ಗವ್ನೆ!”

“ಸುಳ್ ಯೋಳ್ಬ್ಯಾಡ ಕಣ್ಲಾ. ಬದುಕಿರೋನ್ನ ನೀನು ಯಾವತ್ತು ತೆಗ್ದಿದ್ದೀಯೆ?”

ಬೈರಮ್ಮನ ಕೂಗಿಗೆ ಊರೇ ಓಡಿಬಂತು. ಅಷ್ಟರಲ್ಲಿ ಮಂಚಯ್ಯ ಹೊಸದಾಗಿ ಬಂದಿದ್ದ ಎಸ್‌ಟಿಡಿ ಬೂತಿಗೆ ಓಡಿ, ಕೆ.ಆರ್.ಪೇಟೆಯಲ್ಲಿ ನೌಕರಿಯಲ್ಲಿದ್ದ ದ್ಯಾವಯ್ಯನ ಹಿರಿಮಗ ಮುದ್ದಯ್ಯನಿಗೂ ನಾಗಮಂಗಲಕ್ಕೆ ಕೊಟ್ಟಿದ್ದ ಮಗಳು ಸೋಮಮ್ಮನಿಗೂ ಸುದ್ದಿ ಮುಟ್ಟಿಸಿದ್ದ. ಪುಟ್ಟರಾಜು ಹೋಗಿ ಮುದುಕನನ್ನು ಅಲುಗಾಡಿಸಿ ಎಬ್ಬಿಸಲು ನೋಡಿದ. ಹತ್ತು ಜನ ಹಿಡಿದುಕೊಂಡರು. “ಇರೀಮಗ ಬರೋಗಂಟ ಮುಟ್ಟಂಗಿಲ್ಲ ಕಣ್ಲಾ! ಶಾಸ್ತ್ರ ಗೊತ್ತಿಲ್ವಾ ನಿಂಗೆ?”

ತಮಟೆ ಬಂತು. ಕಿವಿ ಮಂದವಾದ್ದರಿಂದ ದ್ಯಾವಯ್ಯ ಅದಕ್ಕೂ ಏಳಲಿಲ್ಲ. ಹೊಲದಿಂದ ಓಡಿಬಂದ ಕಿರಿಮಗ ನೆಲಕ್ಕೆ ಬಿದ್ದು ಹೊರಳಾಡಿದ. ಮಧ್ಯಾಹ್ನ ಮುದ್ದಯ್ಯ ಹೂವಿನ ಹಾರ ಹಿಡಿದುಕೊಂಡು ಬಂದ, ಅವನ ಹಿಂದೆಯೇ ಸೋಮಮ್ಮ ಎದೆ ಬಡಿದುಕೊಳ್ಳುತ್ತ ಬಸ್ಸಿಳಿದಳು. ಬಾವಿಯ ಪಾಲಿನ ಜಗಳದಲ್ಲಿ ಅಣ್ಣತಂಗಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಈಗ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮುದ್ದಯ್ಯ ಅಪ್ಪನ ಕೊರಳಿಗೆ ಹಾರ ಹಾಕಿ, ಎರಡೂ ಪಾದ ಹಿಡಿದುಕೊಂಡ.

ದ್ಯಾವಯ್ಯನಿಗೆ ಕಿವಿ ಮಂದವಾದರೂ ಪಾದಕ್ಕೆ ಕಚಗುಳಿ ಜಾಸ್ತಿ. “ಯಾವನ್ಲಾ ಅವ್ನು, ಕಾಲ್ ಬುಡ್ಲಾ!” ಎಂದು ಝಾಡಿಸಿ ಒದ್ದ.

ತಮಟೆಯವರು ಮೊದಲು ಓಡಿದರು. ಗದ್ದಲ ತಣ್ಣಗಾಗಿ, ನಡೆದದ್ದೆಲ್ಲ ಮುದುಕನ ಕಿವಿಯಲ್ಲಿ ಕೂಗಿ ಹೇಳಿದ ಮೇಲೆ ಊರಿನ ಕಣ್ಣೆಲ್ಲ ಪುಟ್ಟರಾಜುವಿನ ಮೇಲೆ ಬಿತ್ತು. ಅದೇ ಹೊತ್ತಿಗೆ ಹುಣಸೆಮರದ ಕೆಳಗಿಂದ ನಂಜಪ್ಪನವರು ಮೆಲ್ಲಗೆ ಹತ್ತಿರ ಬಂದರು. ಪತ್ರಿಕೆಯ ಚೀಲ ಹಿಡಿದು ಬಂದವರು, ಸಾವಿನ ಮನೆಗೆ ಕಾಲಿಡಬಾರದೆಂದು ಅಷ್ಟು ಹೊತ್ತೂ ದೂರವೇ ನಿಂತಿದ್ದರು.

“ಎಣ ಅಲ್ಲ ಗೌಡ್ರೇ, ಕಣ್ಣಾರೆ ನೋಡುದ್ರಲ್ಲ” ಎಂದು ಪುಟ್ಟರಾಜು ಕೈ ಮುಗಿದ. “ಈ ಕ್ಯಾಮ್ರಾ ನೋಡಿದ್ದು ಬದುಕಿರೋ ದ್ಯಾವಣ್ಣನ್ನೇ.”

ನಂಜಪ್ಪನವರು ಯೋಚಿಸಿದರು. “ಬದುಕಿರೋನು ಅಂತ ನಿಂಗೆ ಗೊತ್ತಿತ್ತು. ಕ್ಯಾಮ್ರಾಕ್ಕೆ ಗೊತ್ತಿತ್ತಾ?”

“ಆಂ?”

“ಈ ಊರಲ್ಲಿ ಉಟ್ಟಿ ಬೆಳೆದೋರೇ ಎಣ ಅಂದ್ಕಂಡವ್ರೆ. ಎಲ್ಲಿಂದ್ಲೋ ಬಂದಿರೋ ಕ್ಯಾಮ್ರಾ ಬ್ಯಾರೆ ಏನಂದ್ಕತದ್ಲಾ?”

ಊರು ತಲೆದೂಗಿತು. ಇದು ನ್ಯಾಯವಾದ ಮಾತು ಎಂದು ಮಂಚಯ್ಯ ತೀರ್ಪು ಕೊಟ್ಟ. “ಆ ಮೂತಿ ಉದ್ದದ್ದು ಬ್ಯಾಡ. ಆ ಇನ್ನೊಂದು ಏನೂ ನೋಡಿಲ್ವಲ್ಲ, ಅದನ್ನ ತಕಂಡು ಮದ್ವೆಗೆ ಬಾ” ಎಂದರು ನಂಜಪ್ಪನವರು.

ಪುಟ್ಟರಾಜುವಿಗೆ ಹೋದ ಜೀವ ಬಂತು. ಕೆಲಸವೂ ಸಿಕ್ಕಿತು, ಯಾವ ಕ್ಯಾಮೆರಾ ಎಂಬ ತಲೆನೋವೂ ಹೋಯಿತು. ಖುಷಿಯಲ್ಲಿ ಜೂಮನ್ನು ಚೀಲಕ್ಕೆ ತುರುಕಿದ.

ಇತ್ತ ದ್ಯಾವಯ್ಯ ಗಲ್ಲದ ಟವಲು ಬಿಚ್ಚಿ, ಕೊರಳಿನ ಹಾರ ಮುಟ್ಟಿ ನೋಡಿಕೊಂಡು, ಅಕ್ಕಪಕ್ಕ ನಿಂತಿದ್ದ ಮಗ ಮಗಳನ್ನು ನೋಡುತ್ತಿದ್ದ. “ಎಲ್ರೂ ಬಂದಿವ್ರಿ. ಆರಾನೂ ಆಕಿವ್ರಿ. ಇದ್ಯಾಕೆ ದಂಡ ಮಾಡದು? ಲೇ ಪುಟ್ರಾಜ, ನಂದೊಂದು ತೆಗೀಲಾ. ಬದುಕಿದ್ದಾಗ್ಲೇ ತೆಗೀಲಾ ಮಗ.”

ತಾನಾಗಿ ಫೋಟೋ ಕೇಳಿದ ಮೊದಲ ಬದುಕಿರುವ ಮನುಷ್ಯ. ಪುಟ್ಟರಾಜು ಹೆಗಲಿನಲ್ಲಿದ್ದ ಚಿಕ್ಕ ಲೆನ್ಸಿನದನ್ನು ಕೈಗೆ ತೆಗೆದುಕೊಂಡ. ನಂಜಪ್ಪನವರ ಮುಖ ನೋಡಿದ. “ಬದುಕಿರೋರದ್ದು ತಾನೆ, ತೆಗಿ ತೆಗಿ. ಮದ್ವೇಗೆ ಕೈ ಪಳಗ್ಲಿ” ಎಂದು ಅವರು ತಾವೂ ಹೋಗಿ ಗುಂಪಿನ ಅಂಚಿನಲ್ಲಿ ಶಲ್ಯ ಸರಿಮಾಡಿಕೊಂಡು ನಿಂತರು. ನಾಲ್ಕು ವರ್ಷ ಒಂದೇ ಜಗಲಿಯಲ್ಲಿ ಕೂರದಿದ್ದ ಮುದ್ದಯ್ಯ ಸೋಮಮ್ಮ ಅಪ್ಪನ ಒಂದೊಂದು ಕೈ ಹಿಡಿದುಕೊಂಡರು. ಬೈರಮ್ಮ ಕೂಡ ಬಂದಳು, ಎಮ್ಮೆಯನ್ನು ಮಾತ್ರ ತರಲಿಲ್ಲ.

“ನಗ್ರಿ” ಎಂದ ಪುಟ್ಟರಾಜು. ಆ ಮಾತನ್ನು ಅವನ ಬಾಯಿ ಹಿಂದೆಂದೂ ಆಡಿರಲಿಲ್ಲ.

ಎಲ್ಲರೂ ನಕ್ಕರು. ದ್ಯಾವಯ್ಯ ಇದ್ದಬದ್ದ ಹಲ್ಲೆಲ್ಲ ತೋರಿಸಿ ನಕ್ಕ. ಒಂದು ತೆಗೆದ. ಸಾಹೇಬರು ಹೇಳಿದ್ದು ನಿಜ, ಮುಖಗಳು ಬೆಣ್ಣೆಯಂತೆಯೇ ಕಾಣುತ್ತಿದ್ದವು. ಇನ್ನೊಂದು ತೆಗೆದ. ಆಸೆ ತಡೆಯಲಾರದೆ ಎರಡು ಹೆಜ್ಜೆ ಮುಂದೆ ಹೋಗಿ ಮೂರನೆಯದನ್ನೂ ಒತ್ತಿದ.

ಒತ್ತಿದ ಮೇಲೂ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ದ್ಯಾವಯ್ಯನ ಮುಖದ ನಗು ಹಾಗೇ ಇತ್ತು, ಕಣ್ಣೂ ತೆರೆದೇ ಇತ್ತು. ಬೇರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಊರಿನಲ್ಲಿ ಆ ಬಗೆಯ ಮುಖಗಳನ್ನು ಪುಟ್ಟರಾಜುವಿನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿರಲಿಲ್ಲ. ಅವನು ಕ್ಯಾಮೆರಾ ಕೆಳಗಿಳಿಸಿದ.

“ದ್ಯಾವಣ್ಣ ಓಗ್ಬುಟ್ಟ” ಎಂದ ಮೆಲ್ಲಗೆ.

ಈ ಸಲ ಒಬ್ಬರೂ ನಂಬಲಿಲ್ಲ. “ಮತ್ತೆ ಶುರು ಅಚ್ಕಂಡ ನೋಡು” ಎಂದು ಬೈರಮ್ಮ ಬೈದಳು. ಮುದ್ದಯ್ಯ ನಗುತ್ತಲೇ ಅಪ್ಪನ ಪಾದಕ್ಕೆ ಕಚಗುಳಿಯಿಟ್ಟ. ಸ್ವಲ್ಪ ಹೊತ್ತು ಇಡುತ್ತಲೇ ಇದ್ದ. ಆಮೇಲೆ ಸೋಮಮ್ಮ ಕೂಗಿದ ಕೂಗಿಗೆ ಹುಣಸೆಮರದ ಹಕ್ಕಿಗಳೆಲ್ಲ ಎದ್ದುಹೋದವು.

ನಂಜಪ್ಪನವರು ಗುಂಪಿನಿಂದ ಹಿಂದಕ್ಕೆ ಸರಿದಿದ್ದರು. “ಗೌಡ್ರೇ” ಎಂದು ಪುಟ್ಟರಾಜು ಒಂದು ಹೆಜ್ಜೆ ಹತ್ತಿರ ಹೋದ. ಅವರು ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡರು. “ಎತ್ಬ್ಯಾಡ ಕಣೋ, ನಿನ್ ದಮ್ಮಯ್ಯ, ಅದನ್ನ ಎತ್ಬ್ಯಾಡ! ಮನೇಲಿ ಮದ್ವೆ ಅದೆ!” ಎಂದವರೇ ಸ್ಕೂಟರನ್ನು ಚಾಲೂ ಮಾಡುವಷ್ಟೂ ತಾಳದೆ ಬೀದಿಯುದ್ದಕ್ಕೂ ತಳ್ಳಿಕೊಂಡು ಓಡಿದರು. ಪುಟ್ಟರಾಜು ಬೀದಿ ಖಾಲಿಯಾಗುವ ತನಕ ಆ ಕಡೆಯೇ ನೋಡುತ್ತ ನಿಂತ.

ಓಡಿಹೋಗಿದ್ದ ತಮಟೆಯವರು ವಾಪಸು ಬಂದರು. ಮುದ್ದಯ್ಯ ಕಣ್ಣೊರೆಸಿಕೊಂಡು, ಅಪ್ಪನ ಗಲ್ಲಕ್ಕೆ ಅದೇ ಟವಲು ಕಟ್ಟಿ, ವಾರೆಯಾಗಿದ್ದ ಹಾರವನ್ನು ನೆಟ್ಟಗೆ ಮಾಡಿದ. ಆಮೇಲೆ ಪುಟ್ಟರಾಜುವಿನ ಹೆಗಲ ಮೇಲೆ ಕೈಯಿಟ್ಟ.

“ಎಂಗೂ ಎಲ್ರೂ ಸೇರಿದೀವಿ ಪುಟ್ರಾಜು. ಶಾಸ್ತ್ರದ್ದು ಒಂದು ತೆಗ್ದುಬುಡು.”

ಪುಟ್ಟರಾಜು ಚೀಲದಿಂದ ಜೂಮನ್ನೂ ಹೊರಗೆ ತೆಗೆದ. ಎರಡು ಕೈಯಲ್ಲಿ ಎರಡು ಹಿಡಿದುಕೊಂಡ.

“ಯಾವ್ದರಲ್ಲಿ ತೆಗೀಲಣ್ಣ?”

ಮುದ್ದಯ್ಯ ಎರಡನ್ನೂ ನೋಡಿದ, ಪುಟ್ಟರಾಜುವಿನ ಮುಖವನ್ನೂ ನೋಡಿದ.

“ಯಾವ್ದಾದ್ರೇನ್ಲಾ ಇನ್ನು?”