ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ, ಭಜನೆಗೆ ಹೊರಟ ಅತ್ತೆ

ಕಂಪ್ಯೂಟರ್ ಇರುವ ಕಡೆ ನಗುವಿಗೇನೂ ಬರವಿಲ್ಲ. ಮನೆಯಲ್ಲಿ ಅತ್ತೆಯೂ ಇದ್ದರಂತೂ ಕೇಳಲೇಬೇಡಿ. ಎಂಬತ್ತರ ದಶಕದ ಕೊನೆಯಲ್ಲಿ ಜಯನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಎಲ್ಲರೂ ಹೊರಟ ಮೇಲೆ ದಿನದ ವರದಿ ತಾನೇ ತಯಾರಾಗಲೆಂದು ಕಮಾಂಡುಗಳನ್ನೆಲ್ಲ ಸಾಲಾಗಿ ಬರೆದು ಶೆಲ್ ಸ್ಕ್ರಿಪ್ಟ್ ಮಾಡಿಟ್ಟಿದ್ದೆ. ಆದರೆ ನಡುವೆ ಒಂದು ಪ್ರೋಗ್ರಾಂ ಪಾಸ್‌ವರ್ಡ್ ಕೇಳಿ ನಿಂತುಬಿಡೋದು. ಅದನ್ನು ಟೈಪ್ ಮಾಡಲು ನಾನು ಕಾಯಬೇಕು. ಇತ್ತ ಹನುಮಂತನಗರದ ಮನೆಯಲ್ಲಿ ಅತ್ತೆ ಮಗುವನ್ನು ನನ್ನ ಕೈಗೆ ಒಪ್ಪಿಸಿ ಭಜನೆಗೆ ಹೋಗಬೇಕು. "ಇನ್ನೊಂದು ಸಲ ಭಜನೆ ತಪ್ಪಿದ್ರೆ ನೀನು ಕೆಲಸ ಬಿಡು" ಅಂದಿದ್ದರು.

೧. ಪೈಪಿನ ಪ್ರಯತ್ನ

ಪಾಸ್‌ವರ್ಡನ್ನು ಎಕೋ ಕಮಾಂಡಿನಿಂದ ಬರೆಸಿ, ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ಸಾಗಿಸುವ ಪೈಪ್ ಮೂಲಕ ಪ್ರೋಗ್ರಾಮಿಗೆ ಕಳಿಸಿದೆ. ಅದು ತಿರುಗಿಯೂ ನೋಡದೆ ಮತ್ತೆ "ಪಾಸ್‌ವರ್ಡ್?" ಅಂತು.

ಬಾಸ್ ಬಂದು ನೋಡಿದರು. "ಕೀಬೋರ್ಡಲ್ಲಿ ಟೈಪ್ ಮಾಡಿದ್ರೆ ಮಾತ್ರ ತಗೊಳ್ಳತ್ತಮ್ಮ. ಹೊಸ ಅಳಿಯ ಇದ್ದ ಹಾಗೆ. ಅಡುಗೆ ಎಲ್ಲಾ ಮುಂದೇ ಇದ್ರೂ ಯಾರಾದ್ರೂ ಬಂದು ಬಡಿಸ್ಬೇಕು."

೨. ಗುಟ್ಟು ರಟ್ಟು

ಕಮಾಂಡಿನ ಸಾಲಿನಲ್ಲೇ ಪಾಸ್‌ವರ್ಡ್ ಸೇರಿಸಿದರೆ ಪ್ರೋಗ್ರಾಂ ಒಪ್ಪುತ್ತಿತ್ತು. ಗೆದ್ದೆ ಅಂದುಕೊಂಡೆ. ಎಲ್ಲರ ಟರ್ಮಿನಲ್ಲೂ ಒಂದೇ ಕಂಪ್ಯೂಟರಿಗೆ ಸೇರಿದ್ದರಿಂದ, ಯಾರ ಕೆಲಸ ಏನು ಓಡ್ತಿದೆ ಅಂತ ನೋಡುವವರಿಗೆಲ್ಲ ಆ ಸಾಲು ಪೂರ್ತಿ ಕಾಣುತ್ತದೆಂದು ಆಮೇಲೆ ಗೊತ್ತಾಯಿತು. ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಿ, ಅದನ್ನೂ ಅದೇ ಸಾಲಿಗೆ ಸೇರಿಸಿ ಓಡಿಸಿದೆ.

ಎದುರು ಟರ್ಮಿನಲ್ಲಿನ ಸಹೋದ್ಯೋಗಿ ತಲೆ ಎತ್ತಿದ: "ಹಳೇದೇ ಚೆನ್ನಾಗಿತ್ತು ಮೇಡಂ."

೩. ಪಕ್ಕದ ಮನೆ ಫೋನ್

ಕೊನೆಗೆ ಬಾಸ್ ತಾವೇ ಕೂತು, ನಾನೊಬ್ಬಳೇ ಓದಬಹುದಾದ ಫೈಲಿನಿಂದ ಪಾಸ್‌ವರ್ಡ್ ತಗೊಳ್ಳುವಂತೆ ಪ್ರೋಗ್ರಾಮನ್ನೇ ತಿದ್ದಿಕೊಟ್ಟರು. ನನ್ನ ಕೆಲಸ ಉಳಿಸಿದ ಪುಣ್ಯಾತ್ಮರು! ನಾನೂ ಯಾರಿಗೂ ಹೊಳೆಯದ ಹೊಸ ಪಾಸ್‌ವರ್ಡ್ ಇಟ್ಟೆ. ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದೆ.

ಒಂದು ಸಂಜೆ ಅತ್ತೆ ತಾಳ ಹಿಡಿದು ಹೊರಟಿದ್ದಾರೆ, ಪಕ್ಕದ ಮನೆಗೆ ಬಾಸ್ ಫೋನ್ ಬಂತು. ಅತ್ತೆಯೂ ನನ್ನ ಹಿಂದೆಯೇ ಬಂದರು.

"ಡಿಸ್ಕ್ ಕೆಟ್ಟು ನಿಮ್ಮ ಪಾಸ್‌ವರ್ಡ್ ಫೈಲ್ ಹೋಗಿದೆಯಮ್ಮ, ಪ್ರೋಗ್ರಾಂ ಮತ್ತೆ ಕೇಳ್ತಾ ನಿಂತಿದೆ. ಪಾಸ್‌ವರ್ಡ್ ಹೇಳಿ, ನಾನೇ ಟೈಪ್ ಮಾಡ್ತೀನಿ. ಇಲ್ಲಾಂದ್ರೆ ನೀವೇ ಬರ್ಬೇಕು."

ಪಾಸ್‌ವರ್ಡ್ ನಮ್ಮ ಯಜಮಾನರ ಹೆಸರು! ಅತ್ತೆಯ ಮುಂದೆ ಗಂಡನ ಹೆಸರು ಹೇಗೆ ಹೇಳೋದು? ವಾಪಸ್ ಹೋದರೆ ಭಜನೆ ಹೋಯ್ತು, ಹಿಂದೆಯೇ ಕೆಲಸವೂ ಹೋಯ್ತು.

"ಅಮ್ಮಾ, ನಿಮ್ಮ ಮಗನ ಹೆಸರು ಹೇಳ್ಬೇಕಂತೆ" ಅಂತ ಪಿಸುಗುಟ್ಟಿದೆ.

"ಇಟ್ಟವಳು ನಾನು, ಹೇಳೋಕೇನು?" ಎಂದು ರಿಸೀವರ್ ಕಿತ್ತುಕೊಂಡ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಮಗನ ಹೆಸರು ಕೂಗಿದರು. ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಅತ್ತೆ ಮುಖ ಸಿಂಡರಿಸಿ ಫೋನನ್ನು ನನ್ನ ಕಡೆ ಚಾಚಿದರು. "ನಿಮ್ಮ ಬಾಸ್‌ಗೆ ತಲೆ ಸರಿ ಇದ್ಯೇನೆ? 'ನಿಮ್ಮ ಮಗನ ಹೆಸರು ನಂಗೊತ್ತು ಅಮ್ಮಾ, ಮೊದ್ಲು ಪಾಸ್‌ವರ್ಡ್ ಹೇಳಿ' ಅಂತಾರಲ್ಲೇ!"