ಎಂಬತ್ತನೇ ಮೀಟರಿನಲ್ಲಿ ನಿಂತಿದ್ದ ವ್ಯವಸ್ಥಾಪಕರಿಗೆ

ಮಿರ್ದಿಫ್, ದುಬೈ
ಮಾರ್ಚ್ 2014

ಅಲ್ ಮುರಕ್ಕಬಾತ್‌ನ ಮೋಟಾರ್‌ಸೈಕಲ್ ಮಳಿಗೆಯ ವ್ಯವಸ್ಥಾಪಕರಾದ ಶ್ರೀ ನಾರ್ಬರ್ಟ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಇಡಿಯಾಗಿ, ಕ್ಷೇಮವಾಗಿ ಇದ್ದೀರಿ ಎಂದು ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ಮಳಿಗೆಯ ಬಾಗಿಲಲ್ಲಿ ಕೈಮುಗಿದು ನಗುತ್ತ ನಿಂತಿರುತ್ತಿದ್ದ ತಮ್ಮ ಆಳೆತ್ತರದ ರಟ್ಟಿನ ಚಿತ್ರವು ನನ್ನ ಮಗಳ ಬೈಕಿಗೆ ಸಿಕ್ಕಿ ಎರಡು ತುಂಡಾದದ್ದಕ್ಕೆ ಲಿಖಿತ ವಿವರಣೆಯನ್ನೂ ಕ್ಷಮಾಪಣೆಯನ್ನೂ ತಾವು ಕೇಳಿದ್ದೀರಿ. ಇಷ್ಟೊಂದು ಗೌರವಾನ್ವಿತ ರಟ್ಟಿನ ವಿಚಾರ ನಮ್ಮಿಬ್ಬರ ನಡುವೆಯೇ ಉಳಿದುಬಿಡುವುದು ಸರಿಯಲ್ಲವೆನಿಸಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಮೋಹನದಾಸ್, ಉಡುಪಿ ಕಡೆಯವನು. ಹತ್ತೊಂಬತ್ತು ವರ್ಷಗಳಿಂದ ವಿಮಾನಗಳ ಬ್ರೇಕು ಬಿಚ್ಚಿ, ಸವೆತ ಅಳೆದು, ಮರಳಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ವಿಮಾನ ಎಷ್ಟು ವೇಗವಾಗಿ ಹಾರುತ್ತದೆ ಎಂಬ ಮಾತು ನಮ್ಮ ವರ್ಕ್‌ಶಾಪಿನಲ್ಲಿ ಬರುವುದೇ ಇಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂಬುದರಿಂದಲೇ ನಾವು ಅನ್ನ ಉಣ್ಣುತ್ತೇವೆ. ಇಂಥವನ ಮಗಳು ದೀಪ್ತಿ, ಇಪ್ಪತ್ತಾರು ವರ್ಷದವಳು, ಬ್ಯಾಂಕಿನ ಉದ್ಯೋಗಿ, ಗಂಟೆಗೆ ಮುನ್ನೂರು ಕಿಲೋಮೀಟರಿನ ಹತ್ತಿರ ಓಡುವ ಬೈಕನ್ನು ತಮ್ಮಲ್ಲಿ ಕೊಂಡಳು. ಬೇಡವೆಂದು ನಾನು ಮೂರು ಭಾಷೆಗಳಲ್ಲಿ ಹೇಳಿದೆ. ಅವಳು ಒಂದೇ ಸಹಿಯಲ್ಲಿ ಮುಗಿಸಿದಳು.

ತಮ್ಮ ಇಪ್ಪತ್ತೆಂಟು ಪುಟದ ಪರಿಚಯ ಪುಸ್ತಿಕೆಯನ್ನು ಭಕ್ತಿಯಿಂದ ಓದಿದ್ದೇನೆ. ವೇಗದ ಅಂಕಿ ಆರು ಕಡೆ ದಪ್ಪಕ್ಷರಗಳಲ್ಲಿದೆ, ಸೀಟಿನ ಹೊಲಿಗೆಯ ಬಣ್ಣಕ್ಕೆ ಒಂದು ಇಡೀ ಪುಟವಿದೆ, ಬ್ರೇಕಿನ ಬಗ್ಗೆ ಮಾತ್ರ "ನಂಬಿಕೆಗೆ ಅರ್ಹ" ಎಂಬ ಎರಡೇ ಪದಗಳಿವೆ. ಇನ್ನೂರ ನಲವತ್ತರ ವೇಗದಲ್ಲಿ ಬ್ರೇಕು ಹಿಡಿದರೆ ಇದು ಎಲ್ಲಿ ನಿಲ್ಲುತ್ತದೆ ಎಂದು ತಮ್ಮ ಮಾರಾಟಗಾರ ಡಿಕ್ಸನ್ ಅವರನ್ನು ಕೇಳಿದೆ. ಅವರು ಚಾವಣಿಯನ್ನೊಮ್ಮೆ ನೋಡಿ, "ಎಂಬತ್ತು ಮೀಟರ್ ಸಾರ್. ಎಬಿಎಸ್ ಉಂಟಲ್ಲ, ಹೆದರಿಕೆ ಎಂಥದ್ದು?" ಎಂದರು. ಎಬಿಎಸ್ ಎಂಬುದು ಚಕ್ರ ಬಿಗಿದು ಜಾರದಂತೆ ಕಾಯುತ್ತದೆಯೇ ಹೊರತು ರಸ್ತೆಯನ್ನು ಗಿಡ್ಡ ಮಾಡುವುದಿಲ್ಲ ಎಂದು ನನಗೆ ತಿಳಿದಿತ್ತು. "ಹಾಗಾದರೆ ಎಂಬತ್ತೊಂದನೇ ಮೀಟರಿನಲ್ಲಿ ನಾನೇ ನಿಲ್ಲುತ್ತೇನೆ" ಎಂದೆ. "ಪಪ್ಪ, ಪ್ಲೀಸ್, ಇಲ್ಲಿ ಸೀನ್ ಮಾಡ್ಬೇಡಿ" ಎಂದಳು ದೀಪ್ತಿ.

ಆ ಎಂಬತ್ತು ಮೀಟರನ್ನು ಪರೀಕ್ಷಿಸಿಯೇ ನೋಡೋಣವೆಂದು ಮುಂದಿನ ಶುಕ್ರವಾರ ಬೆಳಿಗ್ಗೆ ಊರ ಹೊರಗಿನ ತರಬೇತಿ ಟ್ರ್ಯಾಕಿಗೆ ಹೋದೆವು. ದೀಪ್ತಿ ಇನ್ನೂರ ನಲವತ್ತರಲ್ಲಿ ಬಂದು ಬ್ರೇಕು ಹಿಡಿಯಬೇಕಾದ ಜಾಗದಲ್ಲಿ ತರಬೇತುದಾರ ಗೇಬ್ರಿಯಲ್ ಒಂದು ಕಿತ್ತಳೆ ಬಣ್ಣದ ಶಂಕು ಇಟ್ಟರು. ಅಲ್ಲಿಂದ ಎಂಬತ್ತು ಮೀಟರ್ ಅಳೆದು ನಾನು ಸುಣ್ಣದ ಗೆರೆ ಎಳೆದೆ. ದೀಪ್ತಿ ಬೈಕು ತಿರುಗಿಸಿಕೊಂಡು ಟ್ರ್ಯಾಕಿನ ಇನ್ನೊಂದು ತುದಿಗೆ ಹೋದ ಮೇಲೆ, ಕೊಟ್ಟ ಮಾತಿನಂತೆ ಗೆರೆಯ ಬಳಿ ನಿಲ್ಲಲು ಹೊರಟೆ. "ಟ್ರ್ಯಾಕ್ ಮೇಲೆ ಮನುಷ್ಯರು ಬೇಡ ಮೋಹನಣ್ಣ, ಖಲಾಸ್" ಎಂದು ಗೇಬ್ರಿಯಲ್ ನನ್ನನ್ನು ತಂತಿ ಬೇಲಿಯ ಹಿಂದಕ್ಕೆ ಅಟ್ಟಿದರು. ಪ್ರಚಾರದ ಫೋಟೋ ತೆಗೆಸಲು ಬಂದಿದ್ದ ಡಿಕ್ಸನ್, ಖಾಲಿಯಾದ ಆ ಜಾಗದ ಪಕ್ಕದಲ್ಲಿ, ಟ್ರ್ಯಾಕಿನ ಅಂಚಿಗೆ, ಮಳಿಗೆಯಿಂದ ಹೊತ್ತು ತಂದಿದ್ದ ರಟ್ಟಿನ ತಮ್ಮನ್ನು ನಿಲ್ಲಿಸಿದರು.

ಅಲ್ಲಿ ತಾವು ತೋರಿದ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಬೈಕು ಹೊರಟ ಸದ್ದು ಕೇಳಿದ ಹೊತ್ತಿಗೆ ಮರಳುಗಾಡಿನ ಗಾಳಿಯೊಂದು ಬೀಸಿ ತಮ್ಮನ್ನು ಎರಡು ಹೆಜ್ಜೆ ಒಳಕ್ಕೆ ತಂದಿತು. ಗೇಬ್ರಿಯಲ್ ಕೆಂಪು ಬಾವುಟ ಎತ್ತುವಷ್ಟರಲ್ಲಿ ಅವಳು ಶಂಕು ದಾಟಿ ಬ್ರೇಕು ಹಿಡಿದಾಗಿತ್ತು. ಬೈಕಿನ ಮೂಗು ಕುಗ್ಗಿತು, ಹಿಂದಿನ ಚಕ್ರ ಒಮ್ಮೆ ಆಚೆ ಒಮ್ಮೆ ಈಚೆ ಬಳುಕಿತು, ಬಲಗನ್ನಡಿ ತಮ್ಮ ಕತ್ತಿಗೆ ತಗುಲಿತು. ಅಷ್ಟಾದರೂ ತಾವು ಒಮ್ಮೆಯೂ ನಗು ನಿಲ್ಲಿಸಲಿಲ್ಲ.

ಅವಳು ಬೀಳಲಿಲ್ಲ. ನೇರವಾಗಿ ಹಿಡಿದುಕೊಂಡು ಹೋಗಿ, ಶಂಕುವಿನಿಂದ ಇನ್ನೂರ ಎಂಬತ್ತಾರು ಮೀಟರ್ ದೂರದಲ್ಲಿ ನಿಂತಳು. ಬೈಕಿಗೆ ಕಟ್ಟಿದ್ದ ವೇಗ ದಾಖಲಿಸುವ ಉಪಕರಣವನ್ನು ಗೇಬ್ರಿಯಲ್ ಆಮೇಲೆ ನನಗೆ ತೋರಿಸಿದರು: ತಮ್ಮ ಭೇಟಿಯ ಕ್ಷಣದಲ್ಲಿ ಬೈಕಿನ ವೇಗ ಇನ್ನೂ ಗಂಟೆಗೆ ಇನ್ನೂರ ಮೂರು ಕಿಲೋಮೀಟರ್ ಇತ್ತು.

ನಾನು ಬೇಲಿ ದಾಟಿ ಓಡಿದೆ. ಹತ್ತಿರ ಹೋದಾಗ ಅವಳು ಬ್ರೇಕಿನ ಹಿಡಿಯನ್ನು ಇನ್ನೂ ಅದುಮಿಯೇ ಇದ್ದಳು, ಬೆರಳುಗಳು ಬಿಚ್ಚುತ್ತಿರಲಿಲ್ಲ. ಒಂದೊಂದಾಗಿ ನಾನೇ ಬಿಡಿಸಿದೆ. ಹೆಲ್ಮೆಟ್ಟಿನ ಗಾಜು ಎತ್ತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಲ್ಲಿ ನಿಂತದ್ದು ನೀವು ಅಂತ ಎಣಿಸಿದೆ ಪಪ್ಪ" ಎಂದಳು. "ನೀವೇ ನಿಲ್ತೇನೆ ಅಂದಿದ್ರಲ್ಲ."

ಈ ಭಾಗವನ್ನು ಪತ್ರಕ್ಕೆ ತಕ್ಕ ವಿನಯದಲ್ಲಿ ಬರೆಯಲು ಮೂರು ಬಾರಿ ಪ್ರಯತ್ನಿಸಿದೆ. ಆಗಲಿಲ್ಲ, ಮನ್ನಿಸಬೇಕು.

ತಾವು ಕೇಳಿದ ಕ್ಷಮಾಪಣೆಯನ್ನು ಆ ರಟ್ಟಿಗೆ ಮನಃಪೂರ್ವಕವಾಗಿ ಅರ್ಪಿಸುತ್ತೇನೆ. ತಮ್ಮ ಮಳಿಗೆಯ ಮಾತನ್ನು ನಂಬಿ ನಿಂತದ್ದು ಅದೊಂದೇ. ಇನ್ನು ನನ್ನ ಸಣ್ಣಪುಟ್ಟ ವಿನಂತಿಗಳು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮವನ್ನು ತಮ್ಮ ಗ್ರಾಹಕರ ಮಟ್ಟಿಗೆ ರದ್ದುಪಡಿಸಲು ಸಂಬಂಧಪಟ್ಟವರೊಡನೆ ಮಾತಾಡಬೇಕು. ಅದಾಗದಿದ್ದರೆ, ಹೆದ್ದಾರಿಯಲ್ಲಿ ಪಥ ಬದಲಿಸುವ ಪ್ರತಿಯೊಂದು ಲಾರಿಯೂ ಬೈಕಿನವರಿಗೆ ಮುನ್ನೂರು ಮೀಟರ್ ಮೊದಲೇ ಪತ್ರ ಬರೆದು ತಿಳಿಸುವ ವ್ಯವಸ್ಥೆ ಮಾಡಬೇಕು. ಅದೂ ಕಷ್ಟವೆಂದರೆ ಪುಸ್ತಿಕೆಗೆ ಇಪ್ಪತ್ತೊಂಬತ್ತನೇ ಪುಟವೊಂದನ್ನು ಸೇರಿಸಿ, ನಿಲ್ಲುವ ದೂರವನ್ನು ಸೀಟಿನ ಹೊಲಿಗೆಯಷ್ಟಾದರೂ ದೊಡ್ಡದಾಗಿ ಅಚ್ಚು ಹಾಕಿಸಬೇಕು.

ದೀಪ್ತಿ ಬೈಕು ಮಾರುತ್ತಾಳೆಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಎರಡು ವಾರ ಅದು ಹೊದಿಕೆಯ ಕೆಳಗೇ ಇತ್ತು. ಮೂರನೇ ಗುರುವಾರ ಊಟಕ್ಕೆ ಕೂತಾಗ, "ನಾಳೆಯಿಂದ ಗೇಬ್ರಿಯಲ್ ಹತ್ರ ಬ್ರೇಕ್ ಹಿಡಿಯೋದು ಮಾತ್ರ ಕಲೀತೇನೆ. ಅಳೀಲಿಕ್ಕೆ ನೀವು ಬರ್ತೀರಾ?" ಎಂದಳು. ಹತ್ತೊಂಬತ್ತು ವರ್ಷದಲ್ಲಿ ಮನೆಯವರು ಯಾರೂ ನನ್ನ ಕಸುಬಿನ ಬಗ್ಗೆ ಏನನ್ನೂ ಕೇಳಿರಲಿಲ್ಲ. ಅನ್ನ ಕಲಸುತ್ತಲೇ ಹೂಂ ಎಂದೆ. ನೂರ ಇಪ್ಪತ್ತರ ವೇಗದಿಂದ ನಿಲ್ಲಲು ಮೊದಲ ದಿನ ಅವಳಿಗೆ ಎಪ್ಪತ್ತನಾಲ್ಕು ಮೀಟರ್ ಬೇಕಾಗಿತ್ತು. ಕಳೆದ ಶುಕ್ರವಾರ ಅರವತ್ತೊಂದರಲ್ಲಿ ನಿಂತಳು. ಬೈಕನ್ನು ನಾನು ಇಂದಿಗೂ ಇಷ್ಟಪಡುವುದಿಲ್ಲ. ಆದರೆ ಆ ಹದಿಮೂರು ಮೀಟರನ್ನು ಬಿಸಿ ಡಾಂಬರಿನ ಮೇಲೆ ಎರಡು ಸಲ ನಡೆದು ನೋಡಿದೆ.

ತಮ್ಮಿಂದ ಸುರಕ್ಷಿತ ದೂರದಲ್ಲಿರುವ
ತಮ್ಮ ವಿಶ್ವಾಸಿ,
ಮೋಹನದಾಸ್

ಮರೆತ ಮಾತು: ಕಳೆದ ಶುಕ್ರವಾರ ತಮ್ಮ ಡಿಕ್ಸನ್ ಅವರೂ ಬ್ರೇಕು ಹಿಡಿಯುವುದನ್ನು ಕಲಿಯಲು ಬಂದಿದ್ದರು. ಅರವತ್ತರ ವೇಗದಲ್ಲಿ ಮೂರು ಸಲ ಗೆರೆ ದಾಟಿ ಹೋದರು, ನಾಲ್ಕನೆಯ ಸಲ ನಿಂತರು. "ಬಾಸಿಗೆ ಮಾತ್ರ ಹೇಳ್ಬೇಡಿ ಸಾರ್" ಎಂದು ಕೇಳಿಕೊಂಡಿದ್ದಾರೆ. ಆದ್ದರಿಂದ ತಾವು ಈ ನಾಲ್ಕು ಸಾಲುಗಳನ್ನು ತಮ್ಮ ಪುಸ್ತಿಕೆಯ ಬ್ರೇಕಿನ ಪುಟದಂತೆ ಇಲ್ಲವೇ ಇಲ್ಲವೆಂದು ಭಾವಿಸಬೇಕು.